ಕಳೆ ಕೊಚ್ಚುವ ಯಂತ್ರದ ಇಂಜಿನ್ ನಿರ್ವಹಣೆ

ಕಳೆ ಕೊಚ್ಚುವ ಯಂತ್ರವು ತೋಟ ಹಾಗೂ ಮನೆಯ ಹಿತ್ತಿಲಿನಲ್ಲಿ ಬೆಳೆಯುವ ಹುಲ್ಲು ಮತ್ತು ಪೊದೆಗಳನ್ನು ಕತ್ತರಿಸಲು ಬಳಸುವ, ಹೆಗಲಿಗೆ ತೂಗುಹಾಕಿಕೊಳ್ಳುವ ಸಣ್ಣ ಪೆಟ್ರೋಲ್ ಯಂತ್ರವಾಗಿದೆ. ಇದನ್ನು ಬ್ರಷ್ ಕಟ್ಟರ್ ಎಂದೂ ಕರೆಯುತ್ತಾರೆ. ಅಮೆರಿಕದಂತಹ ದೇಶಗಳ ವಿಶಾಲವಾದ ಸಮತಟ್ಟು ಅಂಗಳಗಳಲ್ಲಿ ಮೇಲೆ ಕುಳಿತು ಓಡಿಸುವ ಹುಲ್ಲು ಯಂತ್ರಗಳು ರೂಢಿಯಲ್ಲಿವೆ. ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿ ಗುಡ್ಡದ ಇಳಿಜಾರು, ಸುಮಾರು 2.7 ಮೀಟರ್ ಅಂತರದ ಅಡಿಕೆ ಸಾಲುಗಳು ಮತ್ತು ನಡುವಿನ ನೀರುಕಾಲುವೆಗಳಿಂದಾಗಿ ಅಂತಹ ಯಂತ್ರಕ್ಕೆ ದಾರಿಯೇ ಇಲ್ಲ. ಇಲ್ಲಿ ಹೊಸದಾಗಿ ಮನೆ ಅಥವಾ ತೋಟ ಮಾಡಿಕೊಂಡವರು ಕೊಳ್ಳುವುದು ಹೆಗಲಿನ ಯಂತ್ರವನ್ನೇ.

ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆಯಾಗುತ್ತದೆ; ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಮಳೆಗಾಲದಲ್ಲಿ ಬೆಳೆದ ಹುಲ್ಲನ್ನು ಉದುರಿದ ಅಡಿಕೆ ಕಣ್ಣಿಗೆ ಬೀಳುವಂತೆ ಕೊಯ್ಲಿಗೆ ಮೊದಲೇ ಕತ್ತರಿಸಬೇಕಾಗುತ್ತದೆ. ಹೀಗಾಗಿ ಯಂತ್ರವು ಕೆಲವು ವಾರ ಬಿಡುವಿಲ್ಲದೆ ದುಡಿದು, ಉಳಿದ ತಿಂಗಳುಗಳಲ್ಲಿ ಮೂಲೆಯಲ್ಲಿರುತ್ತದೆ. ಇಂಜಿನ್ ಕೆಡುವುದಕ್ಕೆ ದುಡಿಮೆಗಿಂತ ಈ ಬಿಡುವಿನಲ್ಲಿ ಟ್ಯಾಂಕಿಯಲ್ಲಿ ಉಳಿದ ಪೆಟ್ರೋಲ್ ಹೆಚ್ಚು ಕಾರಣವಾಗುತ್ತದೆ.

ಎಣ್ಣೆ ಮತ್ತು ಇಂಧನ

ಮೊದಲು ತಿಳಿಯಬೇಕಾದುದು ಇಂಜಿನ್ ಎರಡು ಸ್ಟ್ರೋಕಿನದೋ ನಾಲ್ಕು ಸ್ಟ್ರೋಕಿನದೋ ಎಂಬುದು. ಎರಡು ಸ್ಟ್ರೋಕಿನ ಇಂಜಿನ್‌ನಲ್ಲಿ ಎಣ್ಣೆಗೆ ಪ್ರತ್ಯೇಕ ಸ್ಥಳವಿಲ್ಲ. ಪೆಟ್ರೋಲ್‌ನಲ್ಲಿ ಬೆರೆತ ಎಣ್ಣೆಯೇ ಪಿಸ್ಟನ್, ಸಿಲಿಂಡರ್ ಮತ್ತು ಬೇರಿಂಗ್‌ಗಳನ್ನು ನಯವಾಗಿಡುತ್ತದೆ. ಬರಿಯ ಪೆಟ್ರೋಲ್ ಹಾಕಿ ಓಡಿಸಿದರೆ ಕೆಲವೇ ನಿಮಿಷಗಳಲ್ಲಿ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳಬಹುದು. ಆಗ ಅವೆರಡನ್ನೂ ಬದಲಾಯಿಸುವ ಖರ್ಚು ಬರುತ್ತದೆ. ಬಾಡಿಗೆ ಕೆಲಸಗಾರರು ಯಂತ್ರವನ್ನು ಬಳಸುವ ಮನೆಗಳಲ್ಲಿ ಈ ಅಪಾಯ ಹೆಚ್ಚು.

ಬೆರಕೆಯ ಪ್ರಮಾಣವನ್ನು ತಯಾರಕರ ಕೈಪಿಡಿಯೇ ನಿರ್ಧರಿಸುತ್ತದೆ. 50:1 ಎಂದಿದ್ದರೆ ಒಂದು ಲೀಟರ್ ಪೆಟ್ರೋಲ್‌ಗೆ 20 ಮಿ.ಲೀ., 40:1 ಎಂದಿದ್ದರೆ 25 ಮಿ.ಲೀ., 25:1 ಎಂದಿದ್ದರೆ 40 ಮಿ.ಲೀ. ಎರಡು ಸ್ಟ್ರೋಕ್ ಎಣ್ಣೆ ಬೇಕು. ಇದನ್ನು ಅಂದಾಜಿನಿಂದ ಸುರಿಯದೆ ಅಳತೆಯ ಮುಚ್ಚಳದಿಂದ ಅಳೆದು, ಬೇರೆ ಡಬ್ಬಿಯಲ್ಲಿ ಕಲಸಿ, ಟ್ಯಾಂಕಿಗೆ ಹಾಕುವ ಮುನ್ನ ಕುಲುಕಬೇಕು. ಈ ಎಣ್ಣೆಗೆ ಸಾಮಾನ್ಯವಾಗಿ ಬಣ್ಣ ಬೆರೆಸಿರುವುದರಿಂದ ಬೆರಕೆಯಾದ ಪೆಟ್ರೋಲನ್ನು ಗುರುತಿಸುವುದು ಸುಲಭ. ಕುಡಿಯುವ ನೀರಿನ ಬಾಟಲಿಯಲ್ಲಿ ಪೆಟ್ರೋಲ್ ಇಡುವುದು ಅಪಾಯಕರ. ಮಕ್ಕಳು ಅದನ್ನು ಪಾನೀಯವೆಂದು ಕುಡಿದುಬಿಡಬಹುದು.

ನಾಲ್ಕು ಸ್ಟ್ರೋಕಿನ ಇಂಜಿನ್‌ಗೆ ಬರಿಯ ಪೆಟ್ರೋಲನ್ನೇ ಹಾಕಬೇಕು. ಎಣ್ಣೆ ಬೇರೆ ಕೋಣೆಯಲ್ಲಿರುತ್ತದೆ. ತೋಟಗಳಲ್ಲಿ ಕಾಣಸಿಗುವ ಹೋಂಡಾ ಜಿಎಕ್ಸ್ 35 ಇಂಜಿನ್ (35.8 ಸಿಸಿ) ಹಿಡಿಯುವ ಎಣ್ಣೆ 100 ಮಿ.ಲೀ. ಮಾತ್ರ. ಇಷ್ಟು ಕಡಿಮೆ ಎಣ್ಣೆ ಬೇಗ ಕೊಳೆಯಾಗುವುದರಿಂದ ಮೊದಲ ಬಾರಿ 10 ಗಂಟೆಗಳ ಬಳಕೆಯ ನಂತರ, ಆಮೇಲೆ 50 ಗಂಟೆಗೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ ಬದಲಾಯಿಸಬೇಕು. ಕುಳಿತು ಓಡಿಸುವ ದೊಡ್ಡ ಯಂತ್ರಗಳೂ ಸಾಮಾನ್ಯವಾಗಿ ನಾಲ್ಕು ಸ್ಟ್ರೋಕಿನವೇ. ಅವುಗಳ ಎಣ್ಣೆಯ ಪ್ರಮಾಣ ಮಾತ್ರ ಹೆಚ್ಚು.

ಎಥನಾಲ್ ಬೆರೆತ ಪೆಟ್ರೋಲ್

ಭಾರತದಲ್ಲಿ 2023ರ ಫೆಬ್ರವರಿಯಿಂದ ಶೇಕಡಾ 20ರಷ್ಟು ಎಥನಾಲ್ ಇರುವ ಪೆಟ್ರೋಲ್ ಮಾರಾಟಕ್ಕೆ ಬಂದಿತು. ಆದರೆ ಸಣ್ಣ ಇಂಜಿನ್‌ಗಳ ಅನೇಕ ಕೈಪಿಡಿಗಳು ಅನುಮತಿಸುವುದು ಶೇಕಡಾ 10ರವರೆಗೆ ಮಾತ್ರ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರಿನ ಅಂಶ ಮಿತಿ ಮೀರಿದಾಗ ನೀರು ಮತ್ತು ಎಥನಾಲ್ ಒಟ್ಟಾಗಿ ಪೆಟ್ರೋಲ್‌ನಿಂದ ಬೇರ್ಪಟ್ಟು ಟ್ಯಾಂಕಿಯ ತಳಕ್ಕೆ ಇಳಿಯುತ್ತವೆ. ಇಂಧನ ಹೀರುವ ಫಿಲ್ಟರ್ ಇರುವುದೂ ತಳದಲ್ಲೇ. ಆ ಪದರದಲ್ಲಿ ಎಣ್ಣೆ ಇರುವುದಿಲ್ಲವಾದ್ದರಿಂದ ಸರಿಯಾಗಿ ಬೆರೆಸಿದ್ದರೂ ಎರಡು ಸ್ಟ್ರೋಕಿನ ಇಂಜಿನ್‌ಗೆ ಹಾನಿಯಾಗಬಹುದು. ಕರಾವಳಿಯ ಮಳೆಗಾಲದ ಹವೆಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ಅಂದಂದಿಗೆ ಬೇಕಾದಷ್ಟನ್ನೇ ಕಲಸುವುದು, ಹೆಚ್ಚೆಂದರೆ ಒಂದು ತಿಂಗಳೊಳಗೆ ಮುಗಿಸುವುದು ಸುರಕ್ಷಿತ. ರಬ್ಬರ್ ಕೊಳವೆಗಳು ಗಟ್ಟಿಯಾಗಿವೆಯೇ, ಬಿರುಕು ಬಿಟ್ಟಿವೆಯೇ ಎಂದೂ ಆಗಾಗ ನೋಡಬೇಕು.

ಗಾಳಿ ಮತ್ತು ಕಿಡಿ

ಏರ್ ಫಿಲ್ಟರ್‌ನಲ್ಲಿ ಧೂಳು ಕಟ್ಟಿದರೆ ಗಾಳಿ ಕಡಿಮೆಯಾಗಿ ಹೊಗೆ ಹೆಚ್ಚುತ್ತದೆ, ಶಕ್ತಿ ಕುಗ್ಗುತ್ತದೆ. ಸ್ಪಂಜಿನ ಫಿಲ್ಟರನ್ನು ಸಾಬೂನು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಕೈಪಿಡಿಯಲ್ಲಿ ಸೂಚಿಸಿದ್ದರೆ ಸ್ವಲ್ಪ ಇಂಜಿನ್ ಎಣ್ಣೆ ಹಚ್ಚಿ ಚೆನ್ನಾಗಿ ಹಿಂಡಿ ಕೂರಿಸಬೇಕು. ಕಾಗದದ ಫಿಲ್ಟರಿಗೆ ಎಣ್ಣೆ ಸಲ್ಲದು.

ಸ್ಪಾರ್ಕ್ ಪ್ಲಗ್‌ನ ತುದಿ ತಿಳಿ ಕಂದು ಬಣ್ಣಕ್ಕಿದ್ದರೆ ಇಂಧನ ಸರಿಯಾಗಿ ಉರಿಯುತ್ತಿದೆ. ಮಸಿ ಹಿಡಿದು ಒದ್ದೆಯಾಗಿದ್ದರೆ ಫಿಲ್ಟರ್ ಕಟ್ಟಿರಬಹುದು ಅಥವಾ ಎಣ್ಣೆ ಹೆಚ್ಚಾಗಿರಬಹುದು. ಚೋಕ್ ಮುಚ್ಚಿಯೇ ಮತ್ತೆ ಮತ್ತೆ ಹಗ್ಗ ಎಳೆದಾಗಲೂ ಪ್ಲಗ್ ಪೆಟ್ರೋಲ್‌ನಲ್ಲಿ ತೊಯ್ದು ಇಂಜಿನ್ ಚಾಲೂ ಆಗುವುದಿಲ್ಲ. ಇದು ರಿಪೇರಿಗೆ ಒಯ್ಯಬೇಕಾದ ದೋಷವಲ್ಲ: ಪ್ಲಗ್ ಬಿಚ್ಚಿ ಒರೆಸಿ, ಸ್ವಿಚ್ ಆರಿಸಿ ನಾಲ್ಕಾರು ಬಾರಿ ಹಗ್ಗ ಎಳೆದು, ಪ್ಲಗ್ ಮರಳಿ ಹಾಕಿದರೆ ಸಾಕು. ಬ್ಲೇಡನ್ನು ಮುಟ್ಟುವ ಯಾವುದೇ ಕೆಲಸಕ್ಕೆ ಮೊದಲು ಪ್ಲಗ್‌ನ ವೈರನ್ನು ತೆಗೆದಿಡಬೇಕು. ಸಿಲಿಂಡರಿನ ರೆಕ್ಕೆಗಳ ನಡುವೆ ಸಿಕ್ಕಿಕೊಂಡ ಹುಲ್ಲನ್ನೂ ಕೆರೆದು ತೆಗೆಯಬೇಕು. ಇಂಜಿನ್ ತಣಿಯುವುದು ಅಲ್ಲಿಂದಲೇ.

ಬಿಡುವಿನ ಕಾಲದಲ್ಲಿ

ಕೆಲಸ ಮುಗಿದ ಮೇಲೆ ಟ್ಯಾಂಕಿ ಖಾಲಿ ಮಾಡಿ, ಕಾರ್ಬ್ಯುರೇಟರಿನಲ್ಲಿ ಉಳಿದ ಇಂಧನ ತೀರಿ ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಬೇಕು. ಉಳಿದ ಪೆಟ್ರೋಲ್ ಆವಿಯಾಗಿ ಅಂಟಾದರೆ ಕಾರ್ಬ್ಯುರೇಟರಿನ ಸೂಕ್ಷ್ಮ ರಂಧ್ರಗಳು ಮುಚ್ಚಿಹೋಗುತ್ತವೆ. ಇಂಜಿನ್ ತಣಿದ ನಂತರ ಪ್ಲಗ್‌ನ ರಂಧ್ರದೊಳಕ್ಕೆ ಕೆಲವು ಹನಿ ಎಣ್ಣೆ ಬಿಟ್ಟು ಹಗ್ಗವನ್ನು ಮೆಲ್ಲಗೆ ಎಳೆದರೆ ಸಿಲಿಂಡರ್ ತುಕ್ಕು ಹಿಡಿಯುವುದಿಲ್ಲ. ಯಂತ್ರವನ್ನು ಒಣ ಜಾಗದಲ್ಲಿಡಬೇಕು. ಹಳೆಯ ಮನೆಗಳಲ್ಲಿ ಒಣ ಜಾಗವೆಂದರೆ ಬಚ್ಚಲ ಒಲೆಯ ಬಳಿಯ ಸೌದೆ ಕೊಟ್ಟಿಗೆ. ಪೆಟ್ರೋಲ್ ಆವಿಗೆ ಬೆಂಕಿ ತಗಲುವ ಸಾಧ್ಯತೆಯಿರುವುದರಿಂದ ಅಲ್ಲಿ ಮಾತ್ರ ಇಡಬಾರದು. ಮರುವರ್ಷ ಹೊರತೆಗೆದಾಗ ಹೊಗೆ ಕೊಳವೆಯ ಬಾಯಿಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿದೆಯೇ ಎಂದು ನೋಡಿದ ನಂತರವೇ ಹಗ್ಗ ಎಳೆಯಬೇಕು.