ಬಿದ್ದಲ್ಲೇ ಗಟ್ಟಿಯಾಗುವ ಮಳೆ

ಕೆನಡಾದ ಕ್ವಿಬೆಕ್ ಪ್ರಾಂತ್ಯದ ಮಾಂಟ್ರಿಯಲ್ ನಗರಕ್ಕೆ ಹೊಸದಾಗಿ ಬರುವವರು ಹಿಮಕ್ಕೆ ಹೆದರಿಕೊಂಡೇ ಬರುತ್ತಾರೆ. ಆದರೆ ಇಲ್ಲಿ ನಿಜಕ್ಕೂ ಹೆದರಬೇಕಾದದ್ದು ಹಿಮಕ್ಕಲ್ಲ, ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಸದ್ದಿಲ್ಲದೆ ಸುರಿಯುವ ಮಳೆಗೆ. ರೇಡಿಯೊದಲ್ಲಿ ಇಂಗ್ಲಿಷಿನವರು ಇದನ್ನು ಫ್ರೀಜಿಂಗ್ ರೇನ್ ಎನ್ನುತ್ತಾರೆ, ಫ್ರೆಂಚಿನವರು ವೆರ್ಗ್ಲಾ ಎನ್ನುತ್ತಾರೆ. ನಮ್ಮ ಕಡೆಯ ಆಲಿಕಲ್ಲು ಬಿದ್ದು ಪುಟಿಯುತ್ತದೆ, ಆರಿಸಿಕೊಳ್ಳಬಹುದು. ಇದು ನೀರಾಗಿಯೇ ಬೀಳುತ್ತದೆ. ತಾಗಿದ್ದಕ್ಕೆ ಅಂಟಿಕೊಂಡು ಮಂಜುಗಡ್ಡೆಯಾಗುತ್ತದೆ.

ಈ ಮಳೆಯ ಕರಾಮತ್ತು ನೋಡಬೇಕಾದರೆ ಪ್ಲಾಟೊ ಮೋಂ ರೊಯಾಲ್ ಬಡಾವಣೆಯ ಬೀದಿಗಳಿಗೆ ಬರಬೇಕು. ಇಲ್ಲಿನ ಎರಡು-ಮೂರು ಅಂತಸ್ತಿನ ಹಳೆಯ ಮನೆಗಳಿಗೆ ಮೆಟ್ಟಿಲು ಹೊರಗಡೆಯೇ ಇದೆ. ಬಾಗಿ ಬಳುಕಿ ಮೇಲೇರುವ ಕಬ್ಬಿಣದ ಮೆಟ್ಟಿಲುಗಳು. ಬೇಸಿಗೆಯಲ್ಲಿ ಪ್ರವಾಸಿಗರು ಮುಗಿಬಿದ್ದು ಫೋಟೊ ತೆಗೆಯುತ್ತಾರೆ. ಮಳೆಯ ಮರುಬೆಳಗ್ಗೆ ನೋಡಿದರೆ ಒಂದೊಂದು ಮೆಟ್ಟಿಲಿನ ಮೇಲೂ ಪಾರದರ್ಶಕ ಪದರ. ಕೆಳಗಿನ ಬಣ್ಣ, ತುಕ್ಕು, ಗೀಚು ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆ, ಮೇಲಿರುವ ಗಡ್ಡೆ ಮಾತ್ರ ಕಾಣುವುದಿಲ್ಲ. ಅಪಾಯವಿರುವುದೇ ಅಲ್ಲಿ. ಕಂಬಿಯ ಕೆಳಗೆ ಇಳಿಯುತ್ತಿದ್ದ ಹನಿಗಳು ಅಲ್ಲಲ್ಲೇ ಗಟ್ಟಿಯಾಗಿ ಬಾಚಣಿಗೆಯ ಹಲ್ಲುಗಳಂತೆ ಸಾಲಾಗಿ ನಿಂತಿವೆ. ಕೈಗವಸು ಹಾಕಿದ ಕೈ ಕಂಬಿಯ ಮೇಲೆ ಹಿಡಿತ ಸಿಗದೆ ಜಾರುತ್ತದೆ. ಬಲ್ಲವರು ಬಾಗಿಲ ಬಳಿಯೇ ಉಪ್ಪಿನ ಡಬ್ಬ ಇಟ್ಟುಕೊಂಡಿರುತ್ತಾರೆ. ಮೇಲಿನ ಮೆಟ್ಟಿಲಿಗೆ ಎರಚಿ, ಅದು ಕರಗಲು ಬಿಟ್ಟು, ಆಮೇಲೆ ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು ಇಳಿಯುತ್ತಾರೆ.

ಈ ಮಳೆಗೆ ಕಾರಣ ಊರಿನ ಭೂಗೋಳದಲ್ಲೇ ಇದೆ. ಮಾಂಟ್ರಿಯಲ್ ಸೇಂಟ್ ಲಾರೆನ್ಸ್ ನದಿಯ ಕಣಿವೆಯಲ್ಲಿರುವ ದ್ವೀಪ. ಈಶಾನ್ಯದಿಂದ ಬರುವ ತಣ್ಣನೆಯ ಭಾರದ ಗಾಳಿ ಕಣಿವೆಯ ತಳ ಹಿಡಿದು ಕೂರುತ್ತದೆ. ದಕ್ಷಿಣದಿಂದ ಬರುವ ಬೆಚ್ಚನೆಯ, ತೇವದ ಗಾಳಿ ಅದರ ಮೇಲೆ ಹತ್ತಿ ಹೋಗುತ್ತದೆ. ಎತ್ತರದಲ್ಲಿ ಹಿಮವಾಗಿದ್ದದ್ದು ಬೆಚ್ಚನೆಯ ಪದರದಲ್ಲಿ ಕರಗಿ ಮಳೆಯಾಗುತ್ತದೆ. ತಳದ ಚಳಿಯ ಪದರ ತೆಳು. ಅದನ್ನು ದಾಟುವಷ್ಟರಲ್ಲಿ ಹನಿ ಮತ್ತೆ ಹೆಪ್ಪುಗಟ್ಟಲು ಸಮಯ ಸಾಲದು. ಸೊನ್ನೆಗಿಂತ ತಣ್ಣಗಾಗಿಯೂ ನೀರಾಗಿಯೇ ಉಳಿದ ಹನಿ ತಂತಿ, ರೆಂಬೆ, ಮೆಟ್ಟಿಲು ಯಾವುದಕ್ಕೆ ತಾಗಿದರೂ ಆ ಕ್ಷಣವೇ ಗಡ್ಡೆ.

ಬಡಾವಣೆಯ ಬೆನ್ನಿಗಿರುವ ಮೌಂಟ್ ರಾಯಲ್ ಗುಡ್ಡದ ಮರಗಳಿಗೆ ಇದರ ಭಾರ ಗೊತ್ತು. 1998ರ ಜನವರಿ 5ರಿಂದ 10ರವರೆಗೆ ಬಿಟ್ಟು ಬಿಟ್ಟು ಸುರಿದ ಈ ಮಳೆ ನಗರದ ದಕ್ಷಿಣಕ್ಕೆ ಕೆಲವೆಡೆ 100 ಮಿಲಿಮೀಟರ್ ಮುಟ್ಟಿತು. ಸಾವಿರಕ್ಕೂ ಹೆಚ್ಚು ಉಕ್ಕಿನ ವಿದ್ಯುತ್ ಗೋಪುರಗಳು ಗಡ್ಡೆಯ ತೂಕ ತಾಳದೆ ಮಡಚಿಬಿದ್ದವು. ಗುಡ್ಡದ ಮೇಲೆ ಸಾವಿರಾರು ಮರಗಳನ್ನು ಕಡಿಯಬೇಕಾಯಿತು. ಗ್ರಾನ್‌ಬಿ, ಸೇಂಟ್ ಹಯಸಿಂಥ್, ಸೇಂಟ್ ಝಾನ್ ಸುರ್ ರಿಶಲ್ಯೂ ಊರುಗಳ ನಡುವಿನ ಪ್ರದೇಶಕ್ಕೆ ಕತ್ತಲೆಯ ತ್ರಿಕೋನ ಎಂದೇ ಹೆಸರು ಬಿತ್ತು. ಅಲ್ಲಿ ಕೆಲವು ಮನೆಗಳಿಗೆ ನಾಲ್ಕು ವಾರಗಳವರೆಗೂ ಕರೆಂಟ್ ಇರಲಿಲ್ಲ. ನೆರವಿಗೆ ಇಳಿದ ಸೈನಿಕರೇ 15,000ಕ್ಕೂ ಹೆಚ್ಚು. ಇದು ಹಳೆಯ ಕಥೆ ಎನ್ನುವ ಹಾಗೂ ಇಲ್ಲ. 2023ರ ಏಪ್ರಿಲ್ 5ರಂದು, ವಸಂತ ಕಾಲಿಟ್ಟ ಮೇಲೆ, ಇಂಥದೇ ಮಳೆಗೆ ಪ್ರಾಂತ್ಯದ ಹತ್ತು ಲಕ್ಷಕ್ಕೂ ಹೆಚ್ಚು ಗ್ರಾಹಕರ ವಿದ್ಯುತ್ ಹೋಯಿತು.

ನದಿ ದಾಟಿ ಬ್ರೊಸಾರ್ ಉಪನಗರಕ್ಕೆ ಬಂದರೆ ನೋಟವೇ ಬೇರೆ. ಇಲ್ಲಿ ಮೆಟ್ಟಿಲಿನ ಬದಲು ಡ್ರೈವ್‌ವೇಗಳು. ಎಷ್ಟೋ ಮನೆಗಳ ಮುಂದೆ ಕೊಳವೆಗಳ ಚೌಕಟ್ಟಿಗೆ ಬಿಳಿ ಪ್ಲಾಸ್ಟಿಕ್ ಹೊದಿಸಿದ ಟೆಂಪೊ ಎಂಬ ತಾತ್ಕಾಲಿಕ ಡೇರೆ. ಶರತ್ಕಾಲದಲ್ಲಿ ಎದ್ದು ವಸಂತದಲ್ಲಿ ಇಳಿಯುತ್ತದೆ. ಅದಿಲ್ಲದ ಮನೆಯ ಮುಂದೆ ಕಾರಿನ ವೈಪರ್‌ಗಳು ಗಾಜಿಗೆ ಅಂಟದಂತೆ ಮೇಲೆದ್ದು ನಿಂತಿದ್ದರೆ, ಮನೆಯವರು ಹವಾಮಾನ ವರದಿ ಕೇಳಿದ್ದಾರೆ ಎಂದು ತಿಳಿಯಬೇಕು.

ಡ್ರೈವ್‌ವೇಯ ಕೆಲಸ ಮಳೆಗೆ ಮುಂಚೆಯೇ ಶುರುವಾಗಬೇಕು. ನೆಲ ಬರಿದಾಗಿದ್ದರೆ ಮುಂಚಿತವಾಗಿ ಉಪ್ಪು ಹರಡಿ. ಗಡ್ಡೆ ನೆಲ ಕಚ್ಚುವುದಿಲ್ಲ. ಹಿಮ ಬಿದ್ದಿದ್ದರೆ ಅದನ್ನು ನೆಲ ಕಾಣುವಷ್ಟು ಕೆರೆಯಬೇಡಿ, ತೆಳು ಪದರ ಉಳಿಸಿ. ಮಳೆ ಹಿಮದ ಮೇಲೆ ಹಕ್ಕಳೆಗಟ್ಟುತ್ತದೆ, ಮರುದಿನ ಸಲಿಕೆ ತೂರಿಸಿದರೆ ಹಲಗೆ ಹಲಗೆಯಾಗಿ ಎದ್ದು ಬರುತ್ತದೆ. ಉಪ್ಪನ್ನು ಸುರಿಯುವುದೂ ಬೇಡ. 20 ಅಡಿ ಡ್ರೈವ್‌ವೇಗೆ ಕಾಫಿ ಮಗ್ಗಿನ ತುಂಬ ಉಪ್ಪು ಸಾಕು. ಹೆಚ್ಚಾದದ್ದು ಕಾಂಕ್ರೀಟನ್ನೂ ಹುಲ್ಲನ್ನೂ ತಿಂದು ಕೊನೆಗೆ ನದಿ ಸೇರುತ್ತದೆ.

ಗಡ್ಡೆ ಕಟ್ಟಿದ ಮೇಲೆ ಬೇಕಾದದ್ದು ತಾಳ್ಮೆ. ಉಪ್ಪು ಹಾಕಿ ಕಾಯಿರಿ. ಅದು ಗಡ್ಡೆಯನ್ನು ಕೊರೆದು ಕೆಳಗಿಳಿದು ನೆಲದ ಹಿಡಿತ ಸಡಿಲಿಸಿದ ಮೇಲೆ ಚಪ್ಪಟೆ ಅಲಗಿನ ಸಲಿಕೆಯಿಂದ ಎಬ್ಬಿಸಿ. ಬಿಸಿನೀರು ಸುರಿದರೆ ಅದೇ ನೀರು ಮತ್ತಷ್ಟು ನುಣುಪಾದ ಗಡ್ಡೆಯಾಗುತ್ತದೆ. ಮಳೆ ನಿಂತ ಮೇಲೆ ಸಾಮಾನ್ಯವಾಗಿ ಚಳಿ ಏರುತ್ತದೆ. ಮೈನಸ್ 10ರ ಕೆಳಗೆ ಸಾದಾ ಉಪ್ಪು ಬಹುಮಟ್ಟಿಗೆ ಕೈಕೊಡುತ್ತದೆ, ಆಮೇಲೆ ಕ್ಯಾಲ್ಸಿಯಂ ಕ್ಲೋರೈಡ್ ಇಲ್ಲವೇ ಹಿಡಿತಕ್ಕಾಗಿ ಮರಳು, ಜಲ್ಲಿಪುಡಿಯೇ ಗತಿ. ಆದ್ದರಿಂದ ಮಳೆ ನಿಂತ ಹೊತ್ತು ಮತ್ತು ಚಳಿ ಬಿಗಿಯುವ ಹೊತ್ತಿನ ನಡುವಿನ ಅವಧಿಯನ್ನು ಕಳೆದುಕೊಳ್ಳಬಾರದು. ಇನ್ನು ಕಾರಿನ ಮಾತು. ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಕಾನೂನಿನ ಪ್ರಕಾರ ಕಡ್ಡಾಯ. ಆದರೆ ಆ ಟೈರ್ ಕೂಡ ಇಂಥ ನುಣುಪಿನ ಮೇಲೆ ಭರವಸೆಯಲ್ಲ. ಅಂದು ಕಾರು ತೆಗೆಯದಿರುವುದೇ ಜಾಣತನ.

ಕರೆಂಟ್ ಹೋದರೆ ಇನ್ನೊಂದು ಅಪಾಯ ಮನೆಯೊಳಗೇ ಕಾದಿರುತ್ತದೆ. ಜನರೇಟರನ್ನು ಗ್ಯಾರೇಜಿನಲ್ಲಿ, ಬಾರ್ಬೆಕ್ಯೂ ಒಲೆಯನ್ನು ಕೋಣೆಯಲ್ಲಿ ಹಚ್ಚಿದವರು ಕಾರ್ಬನ್ ಮೊನಾಕ್ಸೈಡ್ ವಿಷಕ್ಕೆ ಬಲಿಯಾಗಿದ್ದಾರೆ. 1998ರಲ್ಲೂ ಆಯಿತು, 2023ರಲ್ಲೂ ಆಯಿತು. ಗಡ್ಡೆ ಹೊತ್ತ ಮರದ ಕೆಳಗೆ ನಿಲ್ಲಬಾರದು, ಬಿದ್ದ ತಂತಿಯ ಹತ್ತಿರ ಸುಳಿಯಬಾರದು.

ಕರ್ನಾಟಕದಿಂದ ಓದಲು, ದುಡಿಯಲು ಇಲ್ಲಿಗೆ ಬರುವವರಿದ್ದಾರೆ. ಜನವರಿಯ ಸೆಮಿಸ್ಟರಿಗೆ ಬಂದಿಳಿಯುವವರಿಗಂತೂ ಈ ಮಳೆ ಮೊದಲ ವಾರವೇ ಎದುರಾಗಬಹುದು. ಮಕ್ಕಳನ್ನು ಕಳಿಸುವ ಮನೆಯವರು ದಪ್ಪ ಕೋಟಿನ ಚಿಂತೆಯ ಜತೆಗೆ ಇದನ್ನೂ ನೆನಪಿಡಬೇಕು: ಬಂದ ಕೂಡಲೇ ಬೂಟಿಗೆ ತೊಡಿಸುವ ಉಕ್ಕಿನ ಮುಳ್ಳುಪಟ್ಟಿ ಕೊಳ್ಳಲು ಹೇಳಿ. ಈ ಮಳೆಯ ಎಚ್ಚರಿಕೆ ಬಂದ ದಿನ ತರಗತಿ ತಪ್ಪಿದರೂ ಚಿಂತೆಯಿಲ್ಲ, ಹೊರಗೆ ಹೊರಡಬೇಡ ಎಂದು ಹೇಳಿ. ಈಗಾಗಲೇ ಇಲ್ಲಿ ನೆಲೆಸಿದವರು ತಮ್ಮ ಬಾಗಿಲಿಗೆ ಉಪ್ಪು ಹಾಕುವಾಗ ಪಕ್ಕದ ಮನೆಯ ವೃದ್ಧರ ಮೆಟ್ಟಿಲಿಗೂ ಒಂದು ಹಿಡಿ ಹಾಕಿ ಬನ್ನಿ.