ಉತಾರವೆಂಬ ಕೋಷ್ಟಕ

ಒಂದು ಕಾಲಕ್ಕೆ ತಲಾಠಿಯ ಕೈಬರಹದಲ್ಲಿದ್ದ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ತಾಲೂಕುಗಳ ಉತಾರಗಳು ಈಗ ‘ಭೂಮಿ’ ಯೋಜನೆಯ ಗಣಕಯಂತ್ರದಲ್ಲಿರುತ್ತವೆ. ೨೦೦೨ರ ವೇಳೆಗೆ ರಾಜ್ಯದ ಸುಮಾರು ೨ ಕೋಟಿ ಪಹಣಿಗಳು ಅದರಲ್ಲಿ ಸೇರಿದವು.

ನಮ್ಮ ಹಾಜರಿ ಪುಸ್ತಕದಂತೆ ಅಲ್ಲಿಯೂ ಸಾಲುಗಳೂ ಮನೆಗಳೂ ಉಂಟು. ಒಂದು ಸಾಲಿಗೆ ಒಂದು ದಾಖಲೆ. ಆದರೆ ಸಾಮಾನ್ಯ ಬಳಕೆದಾರರು ಕೋಷ್ಟಕವನ್ನು ನೇರವಾಗಿ ಮುಟ್ಟುವುದಿಲ್ಲ. ನಡುವೆ ನಿಂತ ಸಿದ್ಧ ಕ್ರಮವಿಧಿಗಳೇ ದಾಖಲೆಯನ್ನು ಓದಿ ಕೊಡುವವು, ಸೇರಿಸುವವು, ತಿದ್ದುವವು. ಓದಲು ಯಾರಿಗೂ ಅಡ್ಡಿಯಿಲ್ಲ. ವಾರಸಾದಂಥ ತಿದ್ದುಪಡಿಗೆ ವರ್ದಿ ಬೇಕು, ನೋಟೀಸು ಬೇಕು, ಅಧಿಕಾರಿಯ ಒಪ್ಪಿಗೆ ಬೇಕು.

ಇಷ್ಟಿದ್ದರೂ ಅರ್ಜಿಯಲ್ಲಿ ಬಿಟ್ಟುಹೋದ ಹೆಸರನ್ನು ಯಂತ್ರವು ತಾನಾಗಿ ಬರೆಯಲಾರದು. ತಂದೆಯ ತರುವಾಯ ವಾರಸಾ ದಾಖಲಾಗುವಾಗ ಗಂಡುಮಕ್ಕಳ ಹೆಸರುಗಳಷ್ಟೇ ಬಂದಿವೆಯೋ, ತಾಯಿಯದೂ ತಮ್ಮದೂ ಇವೆಯೋ ಎಂಬುದನ್ನು ನಮ್ಮ ವಿದ್ಯಾರ್ಥಿನಿಯರು ಓದಿ ನೋಡತಕ್ಕದ್ದು. ಅಕ್ಷರ ಕಲಿತದ್ದಕ್ಕೆ ಇದೂ ಒಂದು ಫಲವೆಂದು ನಾವು ಬಗೆಯುತ್ತೇವೆ.