ಕಾಯಿ ಬಿಡದ ಹೂ ದಂಡವಲ್ಲ!

ಹೋದ ವರ್ಷ ಅಜ್ಜಿ ಕಣ್ಣಿನ ಪೊರೆ ಆಪರೇಷನ್‌ಗೆಂದು ಅತ್ತೆ ಮನೆಗೆ ಹೋದಾಗ, ಹಿತ್ತಲಿನ ಸಿಹಿಗುಂಬಳದ ಬಳ್ಳಿ ನೋಡಿಕೊಳ್ಳುವ ಕೆಲಸ ರಜೆಯಲ್ಲಿದ್ದ ನನ್ನ ಪಾಲಿಗೆ ಬಂತು. ಮಹಾಲಯ ಅಮಾವಾಸ್ಯೆಯಲ್ಲಿ ತಾತನ ಎಡೆಗೆ ಅವಳೇ ಬೆಳೆದ ಕುಂಬಳಕಾಯಿಯ ಪಲ್ಯ ಆಗಬೇಕು. ತಾತ ತೀರಿಕೊಂಡ ಮೇಲೆ ಒಂದು ವರ್ಷವೂ ಅದು ತಪ್ಪಿರಲಿಲ್ಲ.

ಬಳ್ಳಿ ತುಂಬ ಹಳದಿ ಹೂ. ಆದರೆ ಕೆಲವು ಹೂಗಳ ಬುಡದಲ್ಲಿ ಮಾತ್ರ ಗೋಲಿಯಷ್ಟು ಹೀಚು. ಉಳಿದವೆಲ್ಲ ಬರೀ ಉದ್ದ ತೊಟ್ಟಿನವು. ಬಿ.ಇ. ಓದುವ ತಲೆ ನೋಡಿ, ‘ಔಟ್‌ಪುಟ್ ಇಲ್ಲದ್ದಕ್ಕೆ ಪವರ್ ಯಾಕೆ ದಂಡ’ ಎಂದುಕೊಂಡು ಹೀಚಿಲ್ಲದ್ದನ್ನೆಲ್ಲ ಹೂ, ಮೊಗ್ಗು ಎನ್ನದೆ ದಿನಾ ಕಿತ್ತು ಹಾಕಿದೆ. ವಾರ ಕಳೆಯುವಷ್ಟರಲ್ಲಿ ಹೀಚುಗಳು ಒಂದೊಂದಾಗಿ ಹಣ್ಣಾಗಿ ಉದುರತೊಡಗಿದವು. ಗೊಬ್ಬರ ಹಾಕಿದೆ, ನೀರು ಹೆಚ್ಚಿಸಿದೆ. ಏನೂ ಪ್ರಯೋಜನವಾಗಲಿಲ್ಲ.

ಅಜ್ಜಿ ಕಪ್ಪು ಕನ್ನಡಕದಲ್ಲೇ ಬಂದು ನೋಡಿದಳು. ‘ಗಂಡು ಹೂವೆಲ್ಲ ಎಲ್ಲೋ ಮಗಾ?’

ಹೈಸ್ಕೂಲಿನಲ್ಲಿ ದಾಸವಾಳ ಸೀಳಿ ನೋಡಿದ್ದೆ. ಅದರಲ್ಲಿ ಕೇಸರ, ಅಂಡಾಶಯ ಎರಡೂ ಒಂದೇ ಹೂವಿನಲ್ಲಿವೆ. ಎಲ್ಲ ಹೂಗಳೂ ಹಾಗೇ ಎಂದುಕೊಂಡಿದ್ದೆ. ಕುಂಬಳದಲ್ಲಿ ಒಂದೇ ಬಳ್ಳಿಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ತೆಂಗಿನಲ್ಲಿ ಒಂದೇ ಹೊಂಬಾಳೆಯಲ್ಲಿ ಎರಡೂ ಇರುತ್ತವೆ. ಮುಸುಕಿನ ಜೋಳದಲ್ಲಿ ತುದಿಯ ಸೂಲಂಗಿ ಗಂಡು. ಕೆಳಗಿನ ತೆನೆ ಹೆಣ್ಣು. ಮಡಹಾಗಲದಲ್ಲಂತೂ ಬಳ್ಳಿಯೇ ಬೇರೆ ಬೇರೆ.

ಕುಂಬಳದ ಪರಾಗ ಭಾರ, ಅಂಟಂಟು. ಗಾಳಿಗೆ ಹಾರುವುದಿಲ್ಲ, ಜೇನ್ನೊಣವೇ ಹೊರಬೇಕು. ಹೂ ಬೆಳಗಿನ ಜಾವ ಅರಳಿ ಮಧ್ಯಾಹ್ನದೊಳಗೆ ಮುದುಡುತ್ತದೆ. ಆ ಕೆಲವೇ ಗಂಟೆಗಳಲ್ಲಿ ಪರಾಗ ಮುಟ್ಟದಿದ್ದರೆ ಹೀಚು ನಿಲ್ಲುವುದಿಲ್ಲ. ನಾನು ಕಿತ್ತದ್ದು ಆ ಪರಾಗವನ್ನೇ.

ಅಜ್ಜಿ ಬಗ್ಗುವಂತಿರಲಿಲ್ಲ. ಅವಳು ಹೇಳಿಕೊಟ್ಟಂತೆ ನಾನು ಮಾಡಿದೆ. ಬೆಳಿಗ್ಗೆ ಆರೂವರೆಗೆ ಹೊಸದಾಗಿ ಅರಳಿದ ಗಂಡು ಹೂ ಕಿತ್ತು, ಎಸಳು ಬಿಡಿಸಿ, ನಡುವಿನ ಕಡ್ಡಿಯನ್ನು ಹೆಣ್ಣು ಹೂವಿನೊಳಗೆ ಮೆಲ್ಲಗೆ ಸವರಿದೆ. ಐದು ಹೂವಿಗೆ ಸವರಿದ್ದರಲ್ಲಿ ಎರಡು ಕಾಯಿ ಕಚ್ಚಿದವು. ಒಂದನ್ನು ಹೆಗ್ಗಣ ತಿಂದಿತು.

ಉಳಿದದ್ದು ಪ್ರತಿ ವರ್ಷದಷ್ಟು ದೊಡ್ಡದಾಗಲಿಲ್ಲ. ಆದರೂ ಅಮಾವಾಸ್ಯೆಯ ದಿನ ತಾತನ ಎಡೆಗೆ ಪಲ್ಯ ಬಿತ್ತು. ಬಡಿಸುತ್ತಾ ಅಜ್ಜಿ, ‘ಇದು ನಿನ್ನ ಮೊಮ್ಮಗ ಕಟ್ಟಿಸಿದ ಕಾಯಿ ಕಣಪ್ಪ’ ಎಂದು ತಾತನ ಫೋಟೊಗೆ ಹೇಳಿದಳು. ನಾನು ಕಿತ್ತು ಹಾಕಿದ್ದ ಹೂಗಳ ವಿಷಯ ಎತ್ತಲೇ ಇಲ್ಲ.

ಈ ಸಲವೂ ಬಳ್ಳಿ ತುಂಬ ಹೂ ಬಿಟ್ಟಿದೆ. ಒಂದನ್ನೂ ಮುಟ್ಟಿಲ್ಲ.